ಎರಡನೆಯ ದೊಡ್ಡ ನಾಯಿಯನ್ನು ದತ್ತು ಪಡೆಯುವ ಮುನ್ನ: ಪುಣೆಯಲ್ಲಿ ಚಿಕ್ಕ ಮಕ್ಕಳಿರುವ ಮನೆಗಳಿಗೊಂದು ಮಾರ್ಗದರ್ಶಿ

ಪುಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ, ಅದರಲ್ಲೂ ವಾಕಡ್, ಪಿಂಪಳೆ ಸೌದಾಗರ್, ಬಾಣೇರ್, ಖರಾಡಿ ಕಡೆಯ ವಸತಿ ಸೊಸೈಟಿಗಳಲ್ಲಿ, ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಯೊಂದನ್ನು ಸಾಕಿಕೊಂಡವರು ಕಡಿಮೆಯೇನಿಲ್ಲ. ಮದುವೆಯಾದ ಹೊಸದರಲ್ಲಿ ತಂದ ಮರಿ ಐದಾರು ವರ್ಷದ ನಾಯಿಯಾಗುವ ಹೊತ್ತಿಗೆ ಮನೆಯಲ್ಲಿ ಒಂದೋ ಎರಡೋ ಚಿಕ್ಕ ಮಕ್ಕಳಿರುತ್ತಾರೆ. ವರ್ಗಾವಣೆಯಾಗಿ ಊರು ಬಿಡುವವರ ನಾಯಿಗೋ, ಯಾರೋ ರಸ್ತೆಯಲ್ಲಿ ಬಿಟ್ಟುಹೋದ ನಾಯಿಗೋ ಮನೆ ಬೇಕಾಗಿದೆ ಎಂಬ ಸಂದೇಶ ಆಗ ಕಣ್ಣಿಗೆ ಬೀಳುತ್ತದೆ, ಒಂದನ್ನು ಸಾಕಿದವರಿಗೆ ಇನ್ನೊಂದು ಭಾರವಾಗುತ್ತದೆಯೇ ಎಂಬ ಯೋಚನೆ ಮನಸ್ಸಿಗೆ ಬರುತ್ತದೆ. ಆ ಯೋಚನೆಯ ಹಿಂದಿರುವ ಕರುಣೆಯ ಬಗ್ಗೆ ನನಗೆ ಗೌರವವಿದೆ. ಆದರೆ ಕರುಣೆ ಉಕ್ಕಿದ ದಿನವೇ ನಿರ್ಧಾರವನ್ನೂ ಮಾಡಿಬಿಟ್ಟರೆ ಅದರ ಬೆಲೆಯನ್ನು ಮಕ್ಕಳು, ಮನೆಯಲ್ಲಿ ಮೊದಲಿನಿಂದ ಇರುವ ನಾಯಿ ಮತ್ತು ಹೊಸದಾಗಿ ಬಂದ ನಾಯಿ, ಈ ಮೂವರೂ ತೆರಬೇಕಾಗಬಹುದು.

ಎರಡು ಮಕ್ಕಳು ಮತ್ತು ಒಂದು ನಾಯಿ ಇರುವ ಮನೆಯಲ್ಲಿ ಹಿರಿಯರು ಗಮನಿಸಬೇಕಾದ ಜೋಡಿಗಳು ಮೂರು: ಮಗು ಮತ್ತು ಮಗು, ಹಿರಿಯ ಮಗು ಮತ್ತು ನಾಯಿ, ಕಿರಿಯ ಮಗು ಮತ್ತು ನಾಯಿ. ಇನ್ನೊಂದು ನಾಯಿ ಬಂದರೆ ಜೋಡಿಗಳು ಮೂರರಿಂದ ನಾಲ್ಕಾಗುವುದಿಲ್ಲ, ಆರಾಗುತ್ತವೆ. ಅವುಗಳಲ್ಲಿ ಎರಡು ದೊಡ್ಡ ನಾಯಿಗಳ ನಡುವಿನ ಸಂಬಂಧವೂ ಒಂದು. ಆ ಸಂಬಂಧ ಕೆಟ್ಟ ಕ್ಷಣದಲ್ಲಿ ಮೂರು ವರ್ಷದ ಮಗು ಅವುಗಳ ಮಧ್ಯೆ ನಿಂತಿರಬಾರದು. ಆದ್ದರಿಂದ ಈ ನಿರ್ಧಾರದಲ್ಲಿ ಮನೆಯ ವಿಸ್ತೀರ್ಣಕ್ಕಿಂತ, ಸಂಬಳಕ್ಕಿಂತ, ನಾಯಿಗಳ ಮೇಲಿನ ಪ್ರೀತಿಗಿಂತಲೂ ಹೆಚ್ಚು ತೂಕವುಳ್ಳದ್ದು ಹಿರಿಯರ ಬಿಡುವಿನ ಗಮನ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗಿನ ಹೆಜ್ಜೆಗಳನ್ನು ಆ ದೃಷ್ಟಿಯಿಂದಲೇ ಜೋಡಿಸಿದ್ದೇನೆ. ಯಾವುದಾದರೂ ಒಂದು ಹೆಜ್ಜೆಯಲ್ಲಿ ಉತ್ತರ ‘ಇಲ್ಲ’ ಎಂದು ಬಂದರೆ ಮುಂದಿನದಕ್ಕೆ ಹೋಗದೆ ಅಲ್ಲಿಯೇ ನಿಲ್ಲುವುದು ಒಳ್ಳೆಯದು.

ಮೊದಲ ಹೆಜ್ಜೆ: ಕಾರಣವನ್ನು ಬರೆದು ನೋಡಿ

ಗಂಡ ಹೆಂಡತಿ ಇಬ್ಬರೂ ಬೇರೆಬೇರೆಯಾಗಿ, ಒಬ್ಬರದನ್ನು ಇನ್ನೊಬ್ಬರು ನೋಡದೆ, ಎರಡನೆಯ ನಾಯಿ ಏಕೆ ಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ‘ನಮ್ಮ ನಾಯಿಗೆ ಒಂಟಿತನ’ ಎಂಬ ಕಾರಣ ಬಹುತೇಕ ಹಾಳೆಗಳಲ್ಲಿ ಕಾಣುತ್ತದೆ. ಮನೆಯವರು ಹೊರಗೆ ಹೋದಾಗ ಊಳಿಡುವ, ಬಾಗಿಲು ಕೆರೆಯುವ ನಾಯಿಗೆ ಸಾಮಾನ್ಯವಾಗಿ ಬೇಕಾಗಿರುವುದು ಮನುಷ್ಯರ ಸಾಮೀಪ್ಯವೇ ಹೊರತು ಇನ್ನೊಂದು ನಾಯಿಯಲ್ಲ. ಇನ್ನೊಂದು ನಾಯಿ ಬಂದ ಮೇಲೂ ಅದು ಊಳಿಡುತ್ತಲೇ ಇರಬಹುದು, ಹೊಸ ನಾಯಿ ಅದನ್ನು ನೋಡಿ ಅದೇ ಅಭ್ಯಾಸವನ್ನು ಕಲಿಯಲೂಬಹುದು. ಅಂಥ ತೊಂದರೆಯಿದ್ದರೆ ಮೊದಲು ಪಶುವೈದ್ಯರನ್ನೋ ನಾಯಿಗಳ ವರ್ತನೆಯನ್ನು ಬಲ್ಲ ತರಬೇತುದಾರರನ್ನೋ ಕಂಡು ಅದನ್ನು ಸರಿಪಡಿಸಿಕೊಳ್ಳಬೇಕು.

‘ಮಗು ಕೇಳುತ್ತಿದೆ’ ಎಂಬುದೂ, ‘ಮನೆಗೆ ಕಾವಲಾಗುತ್ತದೆ’ ಎಂಬುದೂ ಸಾಕಷ್ಟು ಗಟ್ಟಿಯಾದ ಕಾರಣಗಳಲ್ಲ. ಐದು ವರ್ಷದ ಮಗು ಇಂದು ಕೇಳಿದ ನಾಯಿ ಮಗು ಕಾಲೇಜಿಗೆ ಸೇರುವ ಹೊತ್ತಿಗೂ ಮನೆಯಲ್ಲಿರುತ್ತದೆ. ಲ್ಯಾಬ್ರಡಾರ್ ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವರ್ಷ ಬದುಕುತ್ತದೆ. ಇನ್ನು, ‘ನಾಳೆಯೊಳಗೆ ಯಾರೂ ಒಪ್ಪದಿದ್ದರೆ ಇದಕ್ಕೆ ಗತಿಯಿಲ್ಲ’ ಎಂಬ ಸಂದೇಶ ಬಂದಾಗ ಮನಸ್ಸು ಕರಗುವುದು ಸಹಜ. ಆದರೆ ಅಂಥ ಗಡುವಿನ ಒತ್ತಡದಲ್ಲಿ ಚಿಕ್ಕ ಮಕ್ಕಳಿರುವ ಮನೆ ನಿರ್ಧಾರ ಮಾಡಬಾರದು. ಆ ನಾಯಿಗೆ ಕೆಲವು ದಿನ ಬೋರ್ಡಿಂಗ್‌ನಲ್ಲಿ, ಅಂದರೆ ಹಣ ಪಡೆದು ನಾಯಿಗಳನ್ನು ನೋಡಿಕೊಳ್ಳುವ ಜಾಗದಲ್ಲಿ, ಇರಲು ಹಣ ಕೊಡುವುದಾಗಿ ಹೇಳಿ, ಯೋಚಿಸಲು ಸಮಯ ಕೇಳುವುದು ಹೆಚ್ಚು ಜವಾಬ್ದಾರಿಯುತವಾದ ನೆರವು.

ಎರಡನೆಯ ಹೆಜ್ಜೆ: ಈಗಿರುವ ನಾಯಿಯನ್ನು ಹೊಸ ಕಣ್ಣಿನಿಂದ ನೋಡಿ

ಈ ಹೆಜ್ಜೆಗೆ ಕನಿಷ್ಠ ಎರಡು ವಾರವನ್ನಾದರೂ ಮೀಸಲಿಡಿ. ನಾಯಿ ನಮಗೆ ಎಷ್ಟು ಅಭ್ಯಾಸವಾಗಿರುತ್ತದೆಂದರೆ, ಅದು ದಿನವೂ ಮಕ್ಕಳಿಗೆ ಹೇಳುತ್ತಿರುವ ಮಾತು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮಗು ಹತ್ತಿರ ಬಂದಾಗ ಅದು ಮುಖ ಆಚೆ ತಿರುಗಿಸುತ್ತದೆಯೇ, ತುಟಿ ನೆಕ್ಕಿಕೊಳ್ಳುತ್ತದೆಯೇ, ನಿದ್ದೆಯಿಲ್ಲದ ಹೊತ್ತಿನಲ್ಲಿ ಆಕಳಿಸುತ್ತದೆಯೇ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುತ್ತದೆಯೇ, ಎದ್ದು ಇನ್ನೊಂದು ಕೋಣೆಗೆ ಹೋಗುತ್ತದೆಯೇ, ಅಥವಾ ಇದ್ದಕ್ಕಿದ್ದಂತೆ ಕಲ್ಲಿನಂತೆ ಅಲುಗಾಡದೆ ನಿಲ್ಲುತ್ತದೆಯೇ ಎಂಬುದನ್ನು ಗಮನಿಸಿ, ಯಾವ ಹೊತ್ತಿನಲ್ಲಿ ಹೀಗಾಯಿತು ಎಂದು ಗುರುತು ಮಾಡಿಕೊಳ್ಳಿ. ಇವೆಲ್ಲ ‘ನನಗೆ ಇದು ಸಾಕು’ ಎಂದು ನಾಯಿ ಹೇಳುವ ರೀತಿಗಳು. ಅದರಲ್ಲೂ ಕೊನೆಯದನ್ನು, ಅಂದರೆ ಮೈ ಬಿಗಿಹಿಡಿದು ನಿಲ್ಲುವುದನ್ನು, ಬಹಳ ಗಂಭೀರವಾಗಿ ತೆಗೆದುಕೊಳ್ಳಬೇಕು; ಗುರುಗುಟ್ಟುವುದಕ್ಕೂ ಕಚ್ಚುವುದಕ್ಕೂ ಮೊದಲು ಬರುವ ಕ್ಷಣ ಅದು. ದಿನಕ್ಕೆ ಹಲವು ಬಾರಿ ಇಂಥ ಸೂಚನೆ ಕೊಡುತ್ತಿರುವ ನಾಯಿಯ ಸಹನೆ ಈಗಾಗಲೇ ಮುಗಿಯುತ್ತಾ ಬಂದಿದೆ. ಅದಕ್ಕೆ ಬೇಕಾಗಿರುವುದು ಇನ್ನೊಂದು ನಾಯಿಯಲ್ಲ, ಮಕ್ಕಳು ಬಾರದ ಒಂದು ಶಾಂತ ಮೂಲೆ.

ಗುರುಗುಟ್ಟಿದ್ದಕ್ಕಾಗಿ ನಾಯಿಗೆ ಹೊಡೆಯುವ, ಗದರಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಗುರುಗುಟ್ಟುವುದು ಎಚ್ಚರಿಕೆಯ ಮಾತು. ಅದಕ್ಕೆ ಶಿಕ್ಷೆ ಕೊಟ್ಟರೆ ನಾಯಿಯ ಅಸಮಾಧಾನ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದೆ ಒಂದು ದಿನ ಅದು ಸದ್ದಿಲ್ಲದೆ ಕಚ್ಚಿದಾಗ ‘ಏನೂ ಕಾರಣವಿಲ್ಲದೆ ಕಚ್ಚಿತು’ ಎಂದು ಮನೆಯವರು ಹೇಳುತ್ತಾರೆ.

ಬಳಿಕ ಅದರ ಶಿಸ್ತನ್ನು ಪರೀಕ್ಷಿಸಿ. ಹೆಸರು ಹಿಡಿದು ಕರೆದಾಗ ಆಟದ ಮಧ್ಯದಿಂದಲೂ ಬರುತ್ತದೆಯೇ, ನೆಲಕ್ಕೆ ಬಿದ್ದ ಬಿಸ್ಕತ್ತನ್ನು ‘ಬಿಡು’ ಎಂದರೆ ಬಿಡುತ್ತದೆಯೇ, ಲೀಶ್ ಜಗ್ಗದೆ ನಡೆಯುತ್ತದೆಯೇ, ತಿನ್ನುತ್ತಿರುವಾಗ ಯಾರಾದರೂ ಹತ್ತಿರ ಹೋದರೆ ಬೇಗಬೇಗ ನುಂಗತೊಡಗುತ್ತದೆಯೇ? ಮೊದಲನೆಯ ನಾಯಿಯಲ್ಲಿ ತಿದ್ದದೆ ಉಳಿದ ಅಭ್ಯಾಸವನ್ನು ಎರಡನೆಯದು ಬಂದ ಮೇಲೆ ತಿದ್ದುವುದು ತುಂಬ ಕಷ್ಟ, ಏಕೆಂದರೆ ಆಗ ಎರಡೂ ಒಂದನ್ನೊಂದು ಕೆರಳಿಸುತ್ತವೆ. ಕರೆಗಂಟೆ ಸದ್ದಾದಾಗ ಬಾಗಿಲಿಗೆ ನುಗ್ಗುವ ಒಂದು ನಾಯಿಯನ್ನು ಸಂಭಾಳಿಸಬಹುದು. ಎರಡು ನುಗ್ಗಿದಾಗ ದಾರಿಯಲ್ಲಿರುವ ಮಗು ಬೀಳುತ್ತದೆ, ಮತ್ತು ಆ ಉದ್ರೇಕದಲ್ಲಿ ಬಾಗಿಲಾಚೆಯವರ ಮೇಲಿನ ಸಿಟ್ಟನ್ನು ನಾಯಿಗಳು ಪರಸ್ಪರರ ಮೇಲೆ ತೀರಿಸಿಕೊಳ್ಳುವುದೂ ಉಂಟು.

ತಳಜಾಯಿ ಗುಡ್ಡದಲ್ಲೋ ವೇತಾಳ ಟೇಕಡಿಯ ಗುಡ್ಡದಲ್ಲೋ ಬೇರೆ ನಾಯಿಗಳ ಜೊತೆ ಚೆನ್ನಾಗಿ ಆಡುತ್ತದೆ ಎಂಬುದು ಸಾಕಾಗುವ ಸಾಕ್ಷ್ಯವಲ್ಲ. ಬಯಲಿನಲ್ಲಿ ಯಾವುದೂ ಅದರ ಸ್ವಂತದ್ದಲ್ಲ. ಪರಿಚಯದವರ ಶಾಂತ ಸ್ವಭಾವದ ನಾಯಿಯೊಂದನ್ನು ಎರಡು ಮೂರು ಗಂಟೆ ಮನೆಗೆ ಕರೆಸಿ, ತನ್ನ ನೀರಿನ ಬಟ್ಟಲು, ತನ್ನ ಹಾಸಿಗೆ, ತನ್ನ ಮನೆಯವರ ಪಕ್ಕದ ಜಾಗ ಇವುಗಳ ವಿಷಯದಲ್ಲಿ ನಿಮ್ಮ ನಾಯಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಿ. ಮಕ್ಕಳನ್ನು ಆ ಹೊತ್ತಿಗೆ ಬೇರೆ ಕಡೆ ಕಳುಹಿಸಿರಬೇಕು.

ವಯಸ್ಸೂ ಮುಖ್ಯ. ದೊಡ್ಡ ತಳಿಗಳು ಏಳೆಂಟು ವರ್ಷಕ್ಕೇ ಮುದಿತನದತ್ತ ಹೊರಳುತ್ತವೆ. ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ, ನಮ್ಮ ಫ್ಲ್ಯಾಟುಗಳ ನುಣುಪಾದ ಟೈಲ್ಸ್ ನೆಲ ಅದನ್ನು ಹೆಚ್ಚಿಸುತ್ತದೆ. ನೋವಿರುವ ಹಿರಿಯ ನಾಯಿಯ ಮೈಮೇಲೆ ಒಂದು ವರ್ಷದ ಚುರುಕು ನಾಯಿ ದಿನವಿಡೀ ಬೀಳುತ್ತಿದ್ದರೆ, ಆ ಹಿರಿಯ ಜೀವದ ಕೊನೆಯ ವರ್ಷಗಳನ್ನು ನಾವೇ ಹಾಳುಮಾಡಿದಂತಾಗುತ್ತದೆ.

ಮೂರನೆಯ ಹೆಜ್ಜೆ: ಮಕ್ಕಳ ವಯಸ್ಸು ಮತ್ತು ಸ್ವಭಾವ

ಚಿಕ್ಕ ಮಕ್ಕಳಿಗೆ ನಾಯಿ ಕಚ್ಚಿದಾಗ ಗಾಯ ಹೆಚ್ಚಾಗಿ ಮುಖ, ತಲೆ, ಕತ್ತಿನ ಭಾಗದಲ್ಲಾಗುತ್ತದೆ, ಏಕೆಂದರೆ ಆ ಮಕ್ಕಳ ಮುಖ ದೊಡ್ಡ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ. ಚಿಕ್ಕ ಮಕ್ಕಳಿಗೆ ಕಚ್ಚುವುದು ಬೀದಿಯ ಅಪರಿಚಿತ ನಾಯಿಗಳು ಮಾತ್ರವಲ್ಲ, ಮಗು ಬಲ್ಲ ನಾಯಿಗಳೂ ಕಚ್ಚುತ್ತವೆ: ಮನೆಯದು, ನೆರೆಮನೆಯದು, ಬಂಧುಗಳದ್ದು. ಇದನ್ನು ಹೆದರಿಸಲು ಹೇಳುತ್ತಿಲ್ಲ. ‘ನಮ್ಮ ನಾಯಿ ಏನೂ ಮಾಡುವುದಿಲ್ಲ’ ಎಂಬ ನಂಬಿಕೆಯ ಮೇಲೆ ಮನೆಯ ವ್ಯವಸ್ಥೆಯನ್ನು ಕಟ್ಟಬಾರದು ಎನ್ನುವುದಕ್ಕಾಗಿ ಹೇಳುತ್ತಿದ್ದೇನೆ.

ತೆವಳುವ ಅಥವಾ ಆಗಷ್ಟೇ ನಡೆಯಲು ಕಲಿತ ಮಗುವಿರುವ ಮನೆಗೆ ನನ್ನ ಸಲಹೆ, ಈಗ ಬೇಡ ಎಂದೇ. ಆ ವಯಸ್ಸಿನ ಮಗುವಿಗೆ ನಿಯಮ ಹೇಳಿದರೆ ಅರ್ಥವಾಗುವುದಿಲ್ಲ. ಅದು ಆಸರೆಗೆ ನಾಯಿಯ ಕಿವಿ ಹಿಡಿದೇ ಏಳುತ್ತದೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ನಿಯಮ ಅರ್ಥವಾಗುತ್ತದೆ, ಆಟದ ಉತ್ಸಾಹದಲ್ಲಿ ಮರೆತುಹೋಗುತ್ತದೆ. ಕಿರಿಯ ಮಗುವಿಗೆ ಆರು ವರ್ಷ ತುಂಬಿ, ಕೆಳಗಿನ ನಾಲ್ಕು ಮಾತುಗಳನ್ನು ಯಾರೂ ನೆನಪಿಸದೆ ಪಾಲಿಸುವಂತಾದ ಮೇಲೆ ಎರಡನೆಯ ನಾಯಿಯ ವಿಚಾರ ಮಾಡುವುದು ಕ್ಷೇಮ: ತಿನ್ನುತ್ತಿರುವ ನಾಯಿಯ ಬಳಿ ಹೋಗಬಾರದು, ಮಲಗಿರುವ ನಾಯಿಯನ್ನು ಮುಟ್ಟಬಾರದು, ಕ್ರೇಟ್ (ನಾಯಿ ಮಲಗುವ ಪಂಜರದಂಥ ಗೂಡು) ಅಥವಾ ಹಾಸಿಗೆಯೊಳಗಿರುವ ನಾಯಿಯನ್ನು ಕರೆಯಬಾರದು, ಕೊರಳು ತಬ್ಬಿ ಮುದ್ದಾಡಬಾರದು. ಐದನೆಯದೂ ಒಂದಿದೆ. ನಾಯಿ ಮೈಮೇಲೆ ನುಗ್ಗಿ ಬಂದರೆ ಓಡದೆ, ಕೂಗದೆ, ಕೈಕಟ್ಟಿಕೊಂಡು ನೆಲ ನೋಡುತ್ತಾ ಅಲ್ಲಾಡದೆ ನಿಲ್ಲುವುದನ್ನು ಆಟದ ರೂಪದಲ್ಲಿ ಆಗಾಗ ಅಭ್ಯಾಸ ಮಾಡಿಸಬೇಕು.

ಮುದ್ದಿಸುವುದನ್ನು ಕಲಿಸಲು ಸುಲಭವಾದ ಒಂದು ವಿಧಾನವಿದೆ. ಮಗು ನೆಲದ ಮೇಲೆ ಅಲ್ಲ, ಕುರ್ಚಿಯಲ್ಲಿ ಕುಳಿತು ನಾಯಿಯನ್ನು ಹೆಸರು ಹಿಡಿದು ಕರೆಯಲಿ. ನಾಯಿ ತಾನಾಗಿ ಬಂದರೆ ಎದೆಯ ಭಾಗವನ್ನೋ ಭುಜವನ್ನೋ ಮೂರು ಎಣಿಸುವಷ್ಟು ಹೊತ್ತು ನೇವರಿಸಿ ಕೈ ತೆಗೆಯಲಿ. ನಾಯಿ ಮತ್ತೆ ಹತ್ತಿರ ಒತ್ತಿಕೊಂಡರೆ ಇನ್ನೊಮ್ಮೆ ನೇವರಿಸಬಹುದು, ದೂರ ಸರಿದರೆ ಅಲ್ಲಿಗೆ ಮುಗಿಯಿತು. ಇದನ್ನು ಒಂದು ನಾಯಿಯೊಂದಿಗೆ ಸಲೀಸಾಗಿ ಮಾಡುವ ಮಗು ಮಾತ್ರ ಎರಡರೊಂದಿಗೆ ಮಾಡಬಲ್ಲದು.

ಮಗುವಿಗೆ ಉಬ್ಬಸ ಅಥವಾ ಅಲರ್ಜಿ ಇದ್ದರೆ ಮಕ್ಕಳ ವೈದ್ಯರನ್ನು ಮೊದಲೇ ಕೇಳಬೇಕು. ಒಂದು ನಾಯಿಯನ್ನು ತಾಳಿಕೊಂಡ ಶ್ವಾಸಕೋಶ ಇನ್ನೊಂದರ ರೋಮ, ಜೊಲ್ಲು, ಹೊಟ್ಟನ್ನೂ ತಾಳಿಕೊಳ್ಳುತ್ತದೆ ಎನ್ನುವಂತಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಅಥವಾ ಊರಿನಿಂದ ಬಂದು ತಿಂಗಳುಗಟ್ಟಲೆ ಉಳಿಯುವವರಾದರೆ, ಅವರ ಮಾತನ್ನೂ ಕೇಳಿ. ಮೂವತ್ತು ಕಿಲೋ ತೂಕದ ನಾಯಿ ಕಾಲಿಗೆ ಅಡ್ಡ ಬಂದು ಬಿದ್ದರೆ ಎಪ್ಪತ್ತರ ಮೇಲಿನವರಿಗೆ ತೊಡೆಯ ಮೂಳೆಯೇ ಮುರಿಯಬಹುದು. ಮನೆಗೆಲಸಕ್ಕೆ ಬರುವ ಮಾವಶಿಯನ್ನೂ ಕೇಳಿ. ಒಂದು ನಾಯಿಗೆ ಹೇಗೋ ಹೊಂದಿಕೊಂಡವರು ಎರಡಾದರೆ ಬರುವುದಿಲ್ಲ ಎನ್ನಬಹುದು, ಹಾಗೆನ್ನುವ ಹಕ್ಕು ಅವರಿಗಿದೆ.

ನಾಲ್ಕನೆಯ ಹೆಜ್ಜೆ: ಸಂಜೆಯ ಹೊತ್ತಿನ ಲೆಕ್ಕ, ನಂತರ ತಾಲೀಮು

ಹಿರಿಯರ ಬಿಡುವಿನ ಗಮನ ಎಂದು ಆರಂಭದಲ್ಲಿ ಹೇಳಿದ್ದನ್ನು ಇಲ್ಲಿ ಗಂಟೆಗಳಲ್ಲಿ ಅಳೆಯಬೇಕು. ಬೆಳಗಿನ ಆರರಿಂದ ಎಂಟೂವರೆ, ಸಂಜೆಯ ಐದರಿಂದ ಒಂಬತ್ತು, ಈ ಎರಡು ಅವಧಿಗಳನ್ನು ಅರ್ಧ ಗಂಟೆಗಳ ಭಾಗ ಮಾಡಿ ಹಾಳೆಯ ಮೇಲೆ ಬರೆಯಿರಿ. ಪ್ರತಿ ಭಾಗದ ಎದುರು, ಆ ಹೊತ್ತಿನಲ್ಲಿ ಮನೆಯಲ್ಲಿರುವ ಹಿರಿಯರು ಯಾರು, ಅವರ ಕೈಯಲ್ಲಿರುವ ಕೆಲಸವೇನು ಎಂದು ಬರೆಯಿರಿ. ಹಿಂಜವಡಿಯ ಆಫೀಸಿನಿಂದ ಟ್ರಾಫಿಕ್ ದಾಟಿಕೊಂಡು ಒಬ್ಬರು ಎಂಟಕ್ಕೆ ಮನೆ ಮುಟ್ಟುವುದಾದರೆ, ಇನ್ನೊಬ್ಬರು ಅಡುಗೆ ಮಾಡುತ್ತಾ ಹೋಮ್‌ವರ್ಕ್ ಹೇಳಿಕೊಡುತ್ತಿದ್ದರೆ, ಆ ಎರಡು ಮೂರು ಗಂಟೆ ನಾಯಿಗಳನ್ನೂ ಮಕ್ಕಳನ್ನೂ ನೋಡುವವರು ಯಾರೂ ಇಲ್ಲವೆಂದೇ ಅರ್ಥ. ಅಡುಗೆಮನೆಯಿಂದ ಕಿವಿಗೊಡುವುದು ನೋಡಿಕೊಂಡಂತಲ್ಲ. ಆ ಖಾಲಿ ಭಾಗಗಳಲ್ಲಿ ನಾಯಿಗಳನ್ನು ಬೇಬಿ ಗೇಟ್‌ನ (ಬಾಗಿಲಿಗೆ ಅಡ್ಡಹಾಕುವ ಗಿಡ್ಡ ತಡೆ) ಆಚೆಗೋ ಬೇರೆ ಕೋಣೆಯಲ್ಲೋ ಇಡುವ ವ್ಯವಸ್ಥೆ ಸಾಧ್ಯವಿದ್ದರೆ ಮುಂದುವರಿಯಬಹುದು. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎರಡು ದೊಡ್ಡ ನಾಯಿಗಳನ್ನು ದಿನಕ್ಕೆ ಮೂರು ಗಂಟೆ ಪ್ರತ್ಯೇಕ ಇಡುವುದೆಂದರೆ ಒಂದು ಕೋಣೆ ಹೆಚ್ಚುಕಡಿಮೆ ಅವುಗಳದ್ದೇ ಆಗುತ್ತದೆ ಎಂಬುದನ್ನೂ ಒಪ್ಪಿಕೊಂಡಿರಬೇಕು.

ನಡೆದಾಟದ ಲೆಕ್ಕವೂ ಇದರೊಳಗೇ ಬರುತ್ತದೆ. ವಯಸ್ಕ ಲ್ಯಾಬ್ರಡಾರ್ ಇಪ್ಪತ್ತೈದರಿಂದ ಮೂವತ್ತಾರು ಕಿಲೋ ತೂಗುತ್ತದೆ; ಎರಡನ್ನೂ ಒಟ್ಟಿಗೆ ಹಿಡಿದು ಹೊರಟವರು ಬೆಕ್ಕೊಂದು ಅಡ್ಡ ಬಂದ ಕ್ಷಣದಲ್ಲಿ ಸುಮಾರು ಅರವತ್ತು ಕಿಲೋವನ್ನು ತಡೆದು ನಿಲ್ಲಿಸಬೇಕು. ಜೊತೆಗೆ ಮಗುವಿನ ಕೈಯನ್ನೋ ತಳ್ಳುಗಾಡಿಯನ್ನೋ ಹಿಡಿಯುವ ಮಾತೇ ಇಲ್ಲ. ಆದ್ದರಿಂದ ಮೊದಲ ಹಲವು ತಿಂಗಳು ಎರಡನ್ನೂ ಬೇರೆಬೇರೆಯಾಗಿಯೇ ಕರೆದೊಯ್ಯಬೇಕಾಗುತ್ತದೆ, ನಡೆದಾಟದ ಸಮಯ ಇಮ್ಮಡಿಯಾಗುತ್ತದೆ.

ಲೆಕ್ಕ ಕಾಗದದ ಮೇಲೆ ಸರಿಹೊಂದಿದರೆ ಮೂರು ವಾರ ಅದನ್ನು ಬದುಕಿ ನೋಡಿ. ಎರಡನೆಯ ನಾಯಿ ಬಂದಿದೆ ಎಂದೇ ಭಾವಿಸಿ, ಬೆಳಿಗ್ಗೆ ನಲವತ್ತು ನಿಮಿಷ ಮೊದಲು ಏಳಿ, ಇರುವ ನಾಯಿಯನ್ನು ಎರಡು ಸರದಿಯಾಗಿ ಕರೆದೊಯ್ಯಿರಿ, ಬೇಬಿ ಗೇಟ್ ಹಾಕಿ ಅದನ್ನು ಬಳಸಿ, ಎರಡನೆಯದರ ತಿಂಗಳ ಖರ್ಚನ್ನು ಬೇರೆ ಖಾತೆಗೆ ಹಾಕಿಡಿ. ಮಗುವಿಗೆ ಜ್ವರ ಬಂದ ದಿನವೂ, ಆಫೀಸಿನಲ್ಲಿ ಕೆಲಸ ಹೆಚ್ಚಿದ ದಿನವೂ ಇದನ್ನು ಬಿಡಬಾರದು. ಮೂರನೆಯ ವಾರದ ಹೊತ್ತಿಗೆ ಮನೆಯಲ್ಲಿ ಇದರ ಬಗ್ಗೆ ಸಿಡಿಮಿಡಿ ಆರಂಭವಾಗಿದ್ದರೆ ಉತ್ತರ ಸಿಕ್ಕಂತೆಯೇ. ಈ ತಾಲೀಮಿನಿಂದ ಯಾರಿಗೂ ನಷ್ಟವಿಲ್ಲ; ಈಗಿರುವ ನಾಯಿಗೆ ಹೆಚ್ಚು ನಡೆದಾಟವಂತೂ ಸಿಗುತ್ತದೆ.

ಐದನೆಯ ಹೆಜ್ಜೆ: ಮನೆ, ಸೊಸೈಟಿ, ಕಾನೂನು

ಬಾಡಿಗೆ ಮನೆಯಾದರೆ ಮೊದಲು ಕರಾರುಪತ್ರ ತೆಗೆದು ಓದಿ. ಮಹಾರಾಷ್ಟ್ರದ ಲೀವ್ ಅಂಡ್ ಲೈಸೆನ್ಸ್ ಕರಾರುಗಳು ಹೆಚ್ಚಾಗಿ ಹನ್ನೊಂದು ತಿಂಗಳಿನವು, ನಾಯಿಯ ಆಯುಷ್ಯ ಹತ್ತು ವರ್ಷಕ್ಕೂ ಮಿಕ್ಕಿದ್ದು. ಒಂದು ನಾಯಿಗೆ ಒಪ್ಪಿದ ಮಾಲೀಕರು ಎರಡನೆಯದಕ್ಕೂ ಒಪ್ಪಿದ್ದಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮುಂದೆ ಮನೆ ಬದಲಿಸಬೇಕಾದಾಗ ಎರಡು ದೊಡ್ಡ ನಾಯಿಗಳಿರುವ ಕುಟುಂಬಕ್ಕೆ ಮನೆ ಸಿಗುವುದು ಎಷ್ಟು ಕಷ್ಟ ಎಂಬುದನ್ನು ಬ್ರೋಕರ್ ಒಬ್ಬರಿಗೆ ಇಂದೇ ಫೋನ್ ಮಾಡಿ ಕೇಳಿ ತಿಳಿಯಬಹುದು.

ಸ್ವಂತ ಫ್ಲ್ಯಾಟಾದರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ ಸೊಸೈಟಿ ಬಹುಮತದ ಠರಾವು ಮಾಡಿಯೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸದಂತೆ ತಡೆಯುವಂತಿಲ್ಲ. ಹಕ್ಕು ಇದೆಯೆಂದು ನೆರೆಯವರ ಮಾತನ್ನು ಕೇಳದಿರುವುದು ಸರಿಯಲ್ಲ. ಮಕ್ಕಳು ಅದೇ ಅಂಗಳದಲ್ಲಿ ಆಡಬೇಕು, ಅದೇ ಲಿಫ್ಟಿನಲ್ಲಿ ಓಡಾಡಬೇಕು. ಎರಡು ನಾಯಿಗಳು ಒಟ್ಟಿಗೆ ಬೊಗಳುವ ಸದ್ದು ಕೆಳಗಿನ ಮನೆಯವರಿಗೆ ಹೇಗೆ ಕೇಳುತ್ತದೆ ಎಂದು ಮೊದಲೇ ಮಾತಾಡಿಕೊಳ್ಳುವುದು ಒಳಿತು. ಪುಣೆ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಸಾಕುನಾಯಿಗೆ ಪರವಾನಗಿ ಬೇಕು, ಅದಕ್ಕೆ ಹುಚ್ಚುನಾಯಿ ರೋಗದ (ರೇಬೀಸ್) ಲಸಿಕೆಯ ಪ್ರಮಾಣಪತ್ರ ಬೇಕು. ಎರಡೂ ನಾಯಿಗಳಿಗೆ ಪ್ರತ್ಯೇಕವಾಗಿ ಮಾಡಿಸಬೇಕು.

ಆರನೆಯ ಹೆಜ್ಜೆ: ಖರ್ಚು ಮತ್ತು ಆರೋಗ್ಯ

ಮೂವತ್ತು ಕಿಲೋ ತೂಕದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 350ರಿಂದ 400 ಗ್ರಾಂ ಒಣ ಆಹಾರ ಬೇಕು. ಎರಡಕ್ಕೆ ತಿಂಗಳಿಗೆ ಇಪ್ಪತ್ತೊಂದರಿಂದ ಇಪ್ಪತ್ನಾಲ್ಕು ಕಿಲೋ ಆಯಿತು. ನಿಮ್ಮ ಅಂಗಡಿಯ ಬೆಲೆಯಿಂದ ಇದನ್ನು ಗುಣಿಸಿ ನೋಡಿ. ಆದರೆ ಮನೆಯ ಲೆಕ್ಕವನ್ನು ಕೆಡಿಸುವುದು ಆಹಾರಕ್ಕಿಂತ ಹೆಚ್ಚಾಗಿ ಚಿಕಿತ್ಸೆ. ಔಷಧದ ಪ್ರಮಾಣ, ಅರಿವಳಿಕೆ, ಉಣ್ಣಿಹುಳದ ಮಾತ್ರೆ ಎಲ್ಲವೂ ನಾಯಿಯ ತೂಕಕ್ಕೆ ತಕ್ಕಂತೆ ಏರುತ್ತವೆ. ಆದ್ದರಿಂದ ದೊಡ್ಡ ನಾಯಿಯ ಒಂದು ಶಸ್ತ್ರಚಿಕಿತ್ಸೆಗೆ ಸಾಲುವಷ್ಟು ಹಣ, ಮಕ್ಕಳ ಶಾಲೆಯ ಶುಲ್ಕವನ್ನು ಮುಟ್ಟದೆ, ಬೇರೆಯಾಗಿ ಇರಬೇಕು.

ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ, ಉದಾಹರಣೆಗೆ ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ಗಳಲ್ಲಿ, ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಒಂದು ಪ್ರಾಣಾಂತಿಕ ಸ್ಥಿತಿಯುಂಟು. ಗಬಗಬನೆ ತಿನ್ನುವುದು ಅದರ ಅಪಾಯವನ್ನು ಹೆಚ್ಚಿಸುತ್ತದೆ, ಪಕ್ಕದಲ್ಲಿ ಇನ್ನೊಂದು ನಾಯಿ ತಿನ್ನುತ್ತಿದ್ದರೆ ನಾಯಿ ಗಬಗಬನೆ ತಿನ್ನುತ್ತದೆ. ಎರಡಕ್ಕೂ ಬೇರೆ ಕೋಣೆಯಲ್ಲಿ ಊಟ ಹಾಕಬೇಕೆನ್ನುವುದಕ್ಕೆ ಜಗಳ ತಪ್ಪಿಸುವುದರ ಜೊತೆ ಇದೂ ಒಂದು ಕಾರಣ. ಹೊಟ್ಟೆ ಉಬ್ಬಿ, ವಾಂತಿ ಬಾರದೆ ಓಕರಿಸುತ್ತಿದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದು, ಆಗ ಮಕ್ಕಳ ಬಳಿ ಯಾರಿರುತ್ತಾರೆ ಎಂಬುದು ಮೊದಲೇ ಗೊತ್ತಿರಬೇಕು.

ಮಕ್ಕಳ ದೃಷ್ಟಿಯಿಂದ ಮುಖ್ಯವಾದವು ಲಸಿಕೆ ಮತ್ತು ಹುಳದ ಔಷಧ. ದತ್ತು ಬರುವ ನಾಯಿಗೆ ರೇಬೀಸ್ ಲಸಿಕೆ ಆಗಿರಬೇಕು, ಇಲಿಜ್ವರವನ್ನೂ ಒಳಗೊಂಡ ಸಂಯುಕ್ತ ಲಸಿಕೆ ಆಗಿರಬೇಕು. ಇಲಿಜ್ವರ ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡಬಲ್ಲದು, ಮಳೆಗಾಲದ ನಿಂತ ನೀರು ಅದರ ತವರು. ಜಂತುಹುಳುವಿನ ಔಷಧವನ್ನು ಮೂರು ತಿಂಗಳಿಗೊಮ್ಮೆ, ಅಥವಾ ವೈದ್ಯರು ಹೇಳಿದಂತೆ, ಎರಡೂ ನಾಯಿಗಳಿಗೆ ಒಂದೇ ದಿನ ಕೊಡುವುದು ಉತ್ತಮ. ಉಣ್ಣಿಯ ವಿಷಯದಲ್ಲೂ ಹಾಗೆಯೇ: ಒಂದಕ್ಕೆ ಮಾತ್ರ ಔಷಧ ಹಾಕಿದರೆ ಇನ್ನೊಂದರಿಂದ ಮತ್ತೆ ಹತ್ತುತ್ತದೆ. ಏನೇ ಲಸಿಕೆ ಆಗಿದ್ದರೂ ಮಗುವಿಗೆ ಹಲ್ಲು ಅಥವಾ ಉಗುರು ತಾಗಿ ಚರ್ಮ ಒಡೆದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರಿಗೆ ತೋರಿಸಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು.

ಖರ್ಚಿನ ಪಟ್ಟಿಯಲ್ಲಿ ಜನ ಮರೆಯುವುದು ಊರಿಗೆ ಹೋಗುವ ದಿನಗಳನ್ನು. ಹುಬ್ಬಳ್ಳಿಗೋ ವಿಜಯಪುರಕ್ಕೋ ಮಂಗಳೂರಿಗೋ ಹೋಗುವ ಮನೆಗಳಲ್ಲಿ ಒಂದು ನಾಯಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದದ್ದುಂಟು. ಎರಡು ದೊಡ್ಡ ನಾಯಿಗಳೂ ಎರಡು ಮಕ್ಕಳೂ ಒಂದು ಸಾಧಾರಣ ಕಾರಿನಲ್ಲಿ ಹಿಡಿಯುವುದಿಲ್ಲ. ರೈಲಿನಲ್ಲಾದರೆ ಎಸಿ ಮೊದಲ ದರ್ಜೆಯ ಕೂಪೆಯನ್ನೋ ಕ್ಯಾಬಿನ್ನನ್ನೋ ಪೂರ್ತಿಯಾಗಿ ಕಾಯ್ದಿರಿಸಿದವರಿಗೆ ಮಾತ್ರ ನಾಯಿಯನ್ನು ಜೊತೆಗಿಟ್ಟುಕೊಳ್ಳಲು ಅವಕಾಶ, ಇಲ್ಲದಿದ್ದರೆ ಗಾರ್ಡ್ ಬೋಗಿಯ ಪೆಟ್ಟಿಗೆ. ಹಾಗಾಗಿ ಬೇಸಿಗೆ ರಜೆ, ಹಬ್ಬ, ಮದುವೆಗಳಿಗೆಲ್ಲ ಎರಡು ನಾಯಿಗಳ ಬೋರ್ಡಿಂಗ್ ಖರ್ಚನ್ನು ಸೇರಿಸಿಯೇ ವರ್ಷದ ಲೆಕ್ಕ ಹಾಕಬೇಕು.

ಏಳನೆಯ ಹೆಜ್ಜೆ: ಯಾವ ನಾಯಿ

ಇಲ್ಲಿಯವರೆಗಿನ ಎಲ್ಲ ಹೆಜ್ಜೆಗಳಿಗೂ ‘ಹೌದು’ ಎಂದಾದರೆ ಮಾತ್ರ ನಾಯಿಯನ್ನು ನೋಡಲು ಹೋಗಿ. ಮಕ್ಕಳನ್ನು ಮೊದಲ ಭೇಟಿಗೆ ಕರೆದೊಯ್ಯಬೇಡಿ. ಅವರು ಒಮ್ಮೆ ನೋಡಿದ ಮೇಲೆ ಬೇಡ ಎನ್ನುವ ಧೈರ್ಯ ಹಿರಿಯರಿಗೆ ಉಳಿಯುವುದಿಲ್ಲ.

ಮರಿಯೇ ಬೇಕೆಂದು ಹಟ ಹಿಡಿಯಬಾರದು. ಚಿಕ್ಕ ಮಕ್ಕಳಿರುವ ಮನೆಗೆ ಮೂರು ನಾಲ್ಕು ವರ್ಷದ, ಸ್ವಭಾವ ಸ್ಪಷ್ಟವಾಗಿ ಗೊತ್ತಿರುವ, ಹಿಂದೆ ಮಕ್ಕಳೊಂದಿಗೆ ಬಾಳಿದ ನಾಯಿ ಹೆಚ್ಚು ಸೂಕ್ತ. ದೊಡ್ಡ ತಳಿಯ ಮರಿ ದೇಹದಲ್ಲಿ ಒಂದು ವರ್ಷಕ್ಕೇ ಬೆಳೆದರೂ ಬುದ್ಧಿಯಲ್ಲಿ ಬಲಿಯಲು ಎರಡು ವರ್ಷ ಹಿಡಿಯುತ್ತದೆ. ಆ ನಡುವಿನ ಕಾಲದಲ್ಲಿ ಅದು ಮೂವತ್ತು ಕಿಲೋ ತೂಕದ ಮರಿಯೇ. ಗಂಡು ಹೆಣ್ಣಿನ ಜೋಡಿ, ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದು, ಸಾಮಾನ್ಯವಾಗಿ ಹೊಂದಿಕೊಂಡು ಬಾಳುತ್ತದೆ. ಒಂದೇ ಮನೆಯ ಎರಡು ಹೆಣ್ಣುನಾಯಿಗಳ ನಡುವೆ ಹುಟ್ಟುವ ಹಗೆ ಆಳವಾದದ್ದು, ಮರಳಿ ಮರಳಿ ಕಾಣಿಸಿಕೊಳ್ಳುವಂಥದ್ದು. ಶಸ್ತ್ರಚಿಕಿತ್ಸೆ ಯಾವ ವಯಸ್ಸಿನಲ್ಲಿ ಎಂಬುದನ್ನು ದೊಡ್ಡ ತಳಿಗಳಲ್ಲಿ ಮೂಳೆಯ ಬೆಳವಣಿಗೆ ನೋಡಿಕೊಂಡು ಪಶುವೈದ್ಯರು ಹೇಳಬೇಕು.

ತಳಿಯ ಬಗ್ಗೆ ಒಂದೆರಡು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್, ಪಿಟ್‌ಬುಲ್ ಸೇರಿದಂತೆ 23 ತಳಿಗಳ ಸಾಕಣೆಯನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು, ಮರು ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಂದು ನಾಯಿ ಕೆಟ್ಟದ್ದಾಗುವುದಿಲ್ಲ, ಇಲ್ಲದ ಮಾತ್ರಕ್ಕೆ ಸಾಧುವೂ ಆಗುವುದಿಲ್ಲ. ಎದುರಿಗಿರುವ ಆ ಒಂದು ನಾಯಿಯ ಇತಿಹಾಸವನ್ನೇ ಕೇಳಬೇಕು. ನಮ್ಮ ಕಡೆಯವರಿಗೆ ಮುಧೋಳ ನಾಯಿಯ ಮೇಲೆ ಮಮತೆ ಸಹಜ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಆ ನಾಯಿಯನ್ನೇ ಮಹಾರಾಷ್ಟ್ರದಲ್ಲಿ ಕಾರವಾನ್ ಎಂದು ಕರೆಯುವುದರಿಂದ ಪುಣೆಯಲ್ಲೂ ಅದು ಸಿಗುತ್ತದೆ. ಬಿಸಿಲನ್ನು ತಾಳಿಕೊಳ್ಳುವ, ಕಾಯಿಲೆ ಕಡಿಮೆಯಿರುವ ಒಳ್ಳೆಯ ತಳಿ ಅದು. ಆದರೆ ಓಡುವುದನ್ನು ಬೆನ್ನಟ್ಟುವುದಕ್ಕಾಗಿಯೇ ಬೆಳೆಸಿದ ನಾಯಿಯಾದ್ದರಿಂದ, ಅದಕ್ಕೆ ಓಡಲು ಸುರಕ್ಷಿತವಾದ ಬಯಲಿಲ್ಲದಿದ್ದರೆ ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ ಅದನ್ನು ಇಡುವುದು ಅದಕ್ಕೆ ಮಾಡುವ ಅನ್ಯಾಯ. ಹಸ್ಕಿ, ಸೇಂಟ್ ಬರ್ನಾರ್ಡ್‌ಗಳಿಗೆ ಪುಣೆಯ ಏಪ್ರಿಲ್ ತಿಂಗಳೇ ಶಿಕ್ಷೆ.

ನಾಯಿಯನ್ನು ಈಗ ಇಟ್ಟುಕೊಂಡಿರುವವರನ್ನು ನೇರವಾಗಿ ಕೇಳಿ: ಯಾರಿಗಾದರೂ ಕಚ್ಚಿದೆಯೇ, ಎಷ್ಟು ವರ್ಷದ ಮಕ್ಕಳ ಜೊತೆ ಇತ್ತು, ತಟ್ಟೆಯ ಬಳಿ ಹೋದರೆ ಏನು ಮಾಡುತ್ತದೆ, ಇನ್ನೊಂದು ನಾಯಿಯೊಂದಿಗೆ ಒಂದೇ ಮನೆಯಲ್ಲಿ ಇತ್ತೇ, ಏಕೆ ಬಿಟ್ಟುಕೊಡುತ್ತಿದ್ದಾರೆ. ‘ಗೊತ್ತಿಲ್ಲ’ ಎಂಬ ಉತ್ತರಗಳೇ ಹೆಚ್ಚಾಗಿದ್ದರೆ, ಮಕ್ಕಳಿಲ್ಲದ ಮನೆಯೊಂದರಲ್ಲಿ ಕೆಲವು ವಾರ ಇದ್ದು ಅದರ ಸ್ವಭಾವ ತಿಳಿಯುವವರೆಗೆ ಕಾಯಬೇಕು.

ಎಂಟನೆಯ ಹೆಜ್ಜೆ: ಭೇಟಿ, ಬರವು, ಮೊದಲ ಮೂರು ತಿಂಗಳು

ದೀಪಾವಳಿ ಮುಗಿದ ನಂತರದ ದಿನಗಳಿಂದ ಫೆಬ್ರವರಿಯವರೆಗಿನ ಕಾಲ ಪುಣೆಯಲ್ಲಿ ಇದಕ್ಕೆ ಅನುಕೂಲ. ಮಳೆಗಾಲದಲ್ಲಿ ನಡೆದಾಟ ತಪ್ಪುತ್ತದೆ, ಉಣ್ಣಿ ಹೆಚ್ಚು. ಗಣೇಶೋತ್ಸವಕ್ಕೆ ವಾರಗಟ್ಟಲೆ ಮೊದಲೇ ಢೋಲ್ ತಾಶಾ ತಂಡಗಳ ಅಭ್ಯಾಸ ಆರಂಭವಾಗುತ್ತದೆ, ಆಮೇಲೆ ಪಟಾಕಿಯ ಸದ್ದು. ಹೆದರಿದ, ಒಂದಕ್ಕೊಂದು ಹೊಸದಾದ ಎರಡು ನಾಯಿಗಳನ್ನು ಒಂದೇ ಕೋಣೆಯಲ್ಲಿಟ್ಟು ಪರಿಚಯ ಮಾಡಿಸುವ ಕಾಲವಲ್ಲ ಅದು.

ಎರಡೂ ನಾಯಿಗಳ ಮೊದಲ ಭೇಟಿ ಯಾರ ಮನೆಯೂ ಅಲ್ಲದ, ಜನ ಕಡಿಮೆಯಿರುವ ರಸ್ತೆಯಲ್ಲಿ ಆಗಬೇಕು. ಇಬ್ಬರು ಹಿರಿಯರು ಒಂದೊಂದು ನಾಯಿಯನ್ನು ಹಿಡಿದು, ರಸ್ತೆಯ ಎರಡು ಬದಿಗಳಲ್ಲಿ ಒಂದೇ ದಿಕ್ಕಿಗೆ ನಡೆಯಬೇಕು. ಮುಖಾಮುಖಿ ನಿಲ್ಲಿಸಬಾರದು. ಎರಡೂ ನೆಲ ಮೂಸುತ್ತಾ ಸಡಿಲವಾಗಿ ನಡೆಯತೊಡಗಿದಂತೆ ಅಂತರ ಕಡಿಮೆ ಮಾಡುತ್ತಾ ಬಂದು, ಕೊನೆಗೆ ಒಂದನ್ನೊಂದು ಹಿಂಭಾಗದಲ್ಲಿ ಕ್ಷಣಕಾಲ ಮೂಸಲು ಬಿಟ್ಟು ಮತ್ತೆ ನಡೆಸಬೇಕು. ಹೀಗೆ ಬೇರೆಬೇರೆ ದಿನ ಹಲವು ಬಾರಿ ಮಾಡಿದ ಮೇಲೆ ಮನೆಗೆ ಕರೆತರಬಹುದು. ಅದಕ್ಕೂ ಮೊದಲು ಮನೆಯ ಆಟಿಕೆ, ಮೂಳೆ, ಬಟ್ಟಲುಗಳನ್ನೆಲ್ಲ ಎತ್ತಿಡಬೇಕು.

ಹೊಸ ನಾಯಿಗೆ ಮೊದಲ ಮೂರು ದಿನ ದಿಗ್ಭ್ರಮೆ, ಮೂರು ವಾರಕ್ಕೆ ಮನೆಯ ಕ್ರಮದ ಪರಿಚಯ, ಮೂರು ತಿಂಗಳಿಗೆ ಇದು ತನ್ನ ಮನೆ ಎಂಬ ಭರವಸೆ ಎಂದು ನಾಯಿಗಳ ಪುನರ್ವಸತಿ ಮಾಡುವವರು ಸ್ಥೂಲವಾಗಿ ಹೇಳುತ್ತಾರೆ. ಮೊದಲ ವಾರ ಅದು ತುಂಬ ಸಾಧುವಾಗಿದೆ ಎಂದು ಗೇಟು ತೆಗೆಯಬೇಡಿ. ಅದರ ನಿಜವಾದ ಸ್ವಭಾವ ಹೆದರಿಕೆ ಕಳೆದ ಮೇಲೆಯೇ ತಿಳಿಯುವುದು. ಊಟ ಬೇರೆ ಕೋಣೆಗಳಲ್ಲಿ, ಬಟ್ಟಲು ಖಾಲಿಯಾದೊಡನೆ ಎತ್ತಿಡಬೇಕು. ಮಕ್ಕಳು ತಿನ್ನುವಾಗ ಎರಡೂ ನಾಯಿಗಳು ಗೇಟಿನ ಆಚೆ ಇರಬೇಕು, ಏಕೆಂದರೆ ಮಗುವಿನ ಕೈಯಿಂದ ಜಾರಿದ ಒಂದು ತುಂಡು ಚಪಾತಿಗೆ ಎರಡೂ ಒಟ್ಟಿಗೆ ಹಾರುವುದೇ ಮನೆಯೊಳಗಿನ ಜಗಳಗಳ ಬಹು ಸಾಮಾನ್ಯ ಕಾರಣ. ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗಳಿಗೆ ವಿಷ ಎಂಬುದನ್ನೂ ಮಕ್ಕಳಿಗೆ ಹೇಳಿರಬೇಕು. ಯಾರೂ ನೋಡಿಕೊಳ್ಳದ ಹೊತ್ತಿನಲ್ಲಿ, ಹಿರಿಯರು ಸ್ನಾನಕ್ಕೆ ಹೋಗುವ ಹತ್ತು ನಿಮಿಷವೂ ಸೇರಿದಂತೆ, ನಾಯಿಗಳೂ ಮಕ್ಕಳೂ ಬೇರೆಯಾಗಿರಬೇಕು. ದಿನಕ್ಕೊಮ್ಮೆ ಹಳೆಯ ನಾಯಿಯನ್ನು ಒಂಟಿಯಾಗಿ ಹೊರಗೆ ಕರೆದೊಯ್ಯುವುದನ್ನು ತಪ್ಪಿಸಬೇಡಿ.

ನಾಯಿಗಳು ಕಾದಾಡಿದರೆ ಮೊದಲ ಕೆಲಸ ಮಗುವನ್ನು ಅಲ್ಲಿಂದ ಎತ್ತಿಕೊಂಡು ಬಾಗಿಲು ಹಾಕುವುದು. ಕೊರಳಪಟ್ಟಿಗೆ ಕೈ ಹಾಕಿದರೆ ನಿಮ್ಮ ಕೈಗೇ ಕಚ್ಚುತ್ತವೆ. ನೀರು ಎರಚುವುದು, ದಪ್ಪ ಚಾದರ ಹೊದಿಸುವುದು, ನಡುವೆ ರಟ್ಟನ್ನೋ ಕುರ್ಚಿಯನ್ನೋ ತೂರಿಸುವುದು, ಇಬ್ಬರು ಹಿರಿಯರಿದ್ದರೆ ಒಂದೊಂದರ ಹಿಂಗಾಲು ಹಿಡಿದು ಹಿಂದಕ್ಕೆ ಎಳೆಯುವುದು ಮೇಲು. ಆ ನಂತರ ಎರಡನ್ನೂ ದಿನವಿಡೀ ಬೇರೆ ಇಟ್ಟು, ಜಗಳ ಯಾವುದರ ಮೇಲೆ ಹುಟ್ಟಿತು ಎಂದು ಬರೆದಿಟ್ಟು, ತರಬೇತುದಾರರಿಗೆ ತೋರಿಸಬೇಕು.

ಸಾಧ್ಯವಾದರೆ ದತ್ತು ಪತ್ರಕ್ಕೆ ತಕ್ಷಣ ಸಹಿ ಹಾಕದೆ, ಒಂದು ತಿಂಗಳು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಒಪ್ಪಂದ ಕೇಳಿ. ಪ್ರಾಣಿಗಳ ಪುನರ್ವಸತಿ ಸಂಸ್ಥೆಗಳಲ್ಲಿ ಅನೇಕವು ಇದಕ್ಕೆ ಒಪ್ಪುತ್ತವೆ, ಹೊಂದಿಕೆಯಾಗದಿದ್ದರೆ ನಾಯಿಯನ್ನು ತಮಗೇ ಮರಳಿಸಬೇಕೆಂದು ಪತ್ರದಲ್ಲೂ ಬರೆದಿರುತ್ತವೆ. ನಾಯಿಯನ್ನು ಖಾಸಗಿಯವರಿಂದ ಪಡೆಯುವುದಾದರೆ, ಮೂರು ತಿಂಗಳೊಳಗೆ ಹೊಂದಿಕೆಯಾಗದಿದ್ದರೆ ಯಾರು ಅದನ್ನು ಮರಳಿ ಪಡೆಯುತ್ತಾರೆ, ಆವರೆಗಿನ ಬೋರ್ಡಿಂಗ್ ಖರ್ಚು ಯಾರದ್ದು ಎಂಬುದನ್ನು ಬರಹದಲ್ಲಿ ಮಾಡಿಕೊಳ್ಳಿ. ಮಗುವನ್ನು ಕಂಡು ಮೈ ಬಿಗಿಹಿಡಿಯುವುದು ಮೂರು ವಾರದ ನಂತರವೂ ಕಡಿಮೆಯಾಗದಿದ್ದರೆ, ಅಥವಾ ಹಳೆಯ ನಾಯಿ ಊಟ ಬಿಟ್ಟು ಮಂಚದ ಕೆಳಗೆ ಸೇರತೊಡಗಿದರೆ, ಆ ಪತ್ರವನ್ನು ತೆಗೆದು ಅದರಲ್ಲಿರುವವರಿಗೆ ಅಂದೇ ಫೋನ್ ಮಾಡಿ. ನಾಯಿಯ ವಯಸ್ಸು, ಲಸಿಕೆಯ ದಾಖಲೆ, ನೀವು ಗಮನಿಸಿದ ವರ್ತನೆ ಎಲ್ಲವನ್ನೂ ಮುಚ್ಚಿಡದೆ ತಿಳಿಸಿ, ಮಕ್ಕಳಿಲ್ಲದ, ಬೇರೆ ನಾಯಿಯಿಲ್ಲದ ಮನೆಯೊಂದು ಸಿಗುವವರೆಗೆ ಅದನ್ನು ಗೇಟಿನ ಆಚೆ ಸುರಕ್ಷಿತವಾಗಿ, ಅದೇ ಹೊತ್ತಿನ ಊಟ ಮತ್ತು ನಡೆದಾಟದೊಂದಿಗೆ ಇಟ್ಟುಕೊಳ್ಳಿ.